ಕುದುರೆ ಮಾರ್ಕಿನ ಎರಡು ಪಿಸ್ತೂಲು

ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಪಿಸ್ತೂಲು ಸಿಕ್ಕಿತು. ಹೀಗೆ ಶುರು ಮಾಡಿದರೆ ನೀವು ನನ್ನನ್ನು ಎಂಥ ಮನುಷ್ಯನೆಂದುಕೊಳ್ಳುತ್ತೀರೋ ಏನೋ. ನಾನು ಮೋಟಾರು ಬಿಡಿಭಾಗಗಳ ಗೋದಾಮಿನಲ್ಲಿ ಗುಮಾಸ್ತ. ಇಷ್ಟು ವರ್ಷಗಳಲ್ಲಿ ನಾನು ಕೈಯಲ್ಲಿ ಹಿಡಿದ ಆಯುಧಗಳೆಂದರೆ ರಬ್ಬರ್ ಸ್ಟಾಂಪು, ಕೊಡೆ, ಇತ್ತೀಚೆಗೆ ಸೌಟು. ಸೌಟು ಕೈಗೆ ಬಂದು ವರ್ಷವಾಯಿತು. ಅದರಿಂದ ಸಾರನ್ನು ಚೆಲ್ಲದೆ ಬಡಿಸುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಕ್ಕಿಗೆ ಎರಡು ಡಬ್ಬ. ದಿನದ ಅಕ್ಕಿಯದು ಒಲೆಕಟ್ಟೆಯ ಕೆಳಗೆ. ಹಬ್ಬದ ಅಕ್ಕಿಯದು ಮೇಲಿನ ಹಲಗೆಯ ಮೇಲೆ, ಕೈಗೆ ಸುಲಭವಾಗಿ ಎಟುಕದ ಹಾಗೆ. ಹುಗ್ಗಿಗೆ, ಪಾಯಸಕ್ಕೆ, ದೇವರ ನೈವೇದ್ಯಕ್ಕೆ ಹಳೆಯ ಅಕ್ಕಿಯೇ ಆಗಬೇಕೆಂದು ನನ್ನ ಹೆಂಡತಿ ರುಕ್ಕು ಮಾಡಿಟ್ಟ ಏರ್ಪಾಟು ಅದು. ಕಳೆದ ವರ್ಷ ಭಾದ್ರಪದದಲ್ಲಿ ಅವಳೇ ಹೋದಳು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಹಬ್ಬವಿಲ್ಲದ ಮೇಲೆ ಆ ಡಬ್ಬದ ಮುಚ್ಚಳ ತೆಗೆಯುವ ಕೆಲಸವೂ ಇಲ್ಲ. ಮೊನ್ನೆ ವರ್ಷಾಬ್ದಿಕ ಮುಗಿಯಿತು. ಮಗಳು ಮಾಲಿನಿ, "ಅಪ್ಪಾ, ಈ ವರ್ಷ ದೀಪಾವಳಿ ಉಂಟು. ಸಣ್ಣದಾಗಿ. ಆದ್ರೆ ಉಂಟು," ಎಂದು ಅಪ್ಪಣೆ ಕೊಟ್ಟಳು. ಸರಿ, ಅಕ್ಕಿಗೆ ಹುಳ ಬಿದ್ದಿದೆಯೋ ನೋಡೋಣವೆಂದು ಸ್ಟೂಲು ಹತ್ತಿ ಕೈ ಹಾಕಿದೆ. ಹುಳ ಇರಲಿಲ್ಲ. ರುಕ್ಕು ಹಾಕಿಟ್ಟ ಒಣಮೆಣಸಿನಕಾಯಿ, ಬೇವಿನೆಲೆ ಇನ್ನೂ ಕಾವಲು ಕಾಯುತ್ತಿದ್ದವು. ಅವುಗಳ ಕೆಳಗೆ, ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿ, ತೆಂಗಿನೆಣ್ಣೆ ಸವರಿ, ತಣ್ಣಗೆ ಮಲಗಿತ್ತು ಅವಳ ಕುದುರೆ ಮಾರ್ಕಿನ ಕಬ್ಬಿಣದ ಪಿಸ್ತೂಲು.

ದೀಪಾವಳಿಗೆ ಮಕ್ಕಳು ಹೊಡೆಯುವ ಪಟಾಕಿ ಪಿಸ್ತೂಲು ಅದು. ನೀವೂ ಹೊಡೆದಿರುತ್ತೀರಿ. ಕೆಂಪು ಕಾಗದದ ರೀಲು, ಅದರ ಮೇಲೆ ಸಾಸಿವೆಯಷ್ಟು ಮದ್ದಿನ ಬೊಟ್ಟುಗಳು, ಕುದುರೆ ಎಳೆದರೆ ಸುತ್ತಿಗೆ ಬಡಿದು ಒಂದು ಸದ್ದು, ಒಂದಿಷ್ಟು ಹೊಗೆ. ಮಕ್ಕಳು ಎಂದೆನೇ? ನಮ್ಮ ಮನೆಯಲ್ಲಿ ಅದನ್ನು ಹೊಡೆಯುತ್ತಿದ್ದುದು ನಲವತ್ತು ದಾಟಿದ, ಒಂಬತ್ತು ಗಜದ ಸೀರೆ ಉಟ್ಟ, ಹಣೆಯ ತುಂಬ ಕುಂಕುಮವಿಟ್ಟ ಗೃಹಿಣಿ.

ಸ್ಟೂಲಿನ ಮೇಲೆ ನಿಂತು ಅದನ್ನು ನೋಡುತ್ತಿದ್ದ ನನ್ನನ್ನು ಮಾಲಿನಿ ಬಾಗಿಲಿನಿಂದ ನೋಡಿದಳು. ಶೋಳಿಂಗನಲ್ಲೂರಿನ ಆಫೀಸಿನ ಕ್ಯಾಬು ಕೆಳಗೆ ಹಾರನ್ ಹೊಡೆಯುತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದಳು:

"ಈ ಸಲ ನೀವೇ ಹೊಡೀಬೇಕು, ಅಪ್ಪಾ. ಅಮ್ಮಂಗೆ ಪ್ರಾಮಿಸ್ ಪಣ್ಣಿರುಕೀಂಗ. ಕಿವಿಗೆ ಹತ್ತಿ ಇಲ್ದೆ."

ಮಾತು ಕೊಟ್ಟದ್ದು ನಿಜ. ತೊಂದರೆ ಏನೆಂದರೆ, ನನಗೆ ಸದ್ದೆಂದರೆ ಭಯ.

ಇದು ಇವತ್ತಿನದಲ್ಲ. ನಾನು ಮೈಸೂರಿನಲ್ಲಿ ಹುಟ್ಟಿದವನು. ಎಳೆಯವನಿದ್ದಾಗ ದಸರೆಯ ಕುಶಾಲತೋಪು ತೋರಿಸಲು ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ. ಮೊದಲ ತೋಪು ಹಾರಿತು. ತಾತನ ಹೊಸ ಅಂಗವಸ್ತ್ರ ಒದ್ದೆಯಾಯಿತು. ಎರಡನೆಯ ತೋಪಿಗೆ ಕಾಯದೆ ತಾತ ಮನೆಗೆ ತಿರುಗಿದರು. ನಮ್ಮ ಬಂಧುಗಳಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ. ಮದುವೆಯ ಮಾತುಕತೆಯ ದಿನ ನನ್ನಕ್ಕ ಅದನ್ನು ಹುಡುಗಿಯ ಮನೆಯವರಿಗೂ ಹೇಳಿ ನಗಿಸಿದ್ದಳು. ಹುಡುಗಿ ಮಾತ್ರ ನಗದೆ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕೇಳಿದಾಗ ಹೇಳಿದಳು: "ಅಯ್ಯೋ ಪಾವಂ ಅನ್ನಿಸ್ತು ರೀ. ಅದಕ್ಕೇ ಒಪ್ಪಿದೆ."

ರುಕ್ಕುವಿನವರು ನಾಲ್ಕು ತಲೆಮಾರಿನಿಂದ ಮದರಾಸಿನವರು. ಅವರ ಕನ್ನಡದಲ್ಲಿ ತಮಿಳು ಯಾವಾಗ ಒಳಗೆ ಬಂತು, ಯಾವಾಗ ಚಾಪೆ ಹಾಸಿಕೊಂಡು ಮಲಗಿತು ಎಂಬುದು ಅವರಿಗೇ ಗೊತ್ತಿಲ್ಲ. ಮದುವೆಯಾದ ಮೊದಲ ದೀಪಾವಳಿಗೆ ನಾನು ತಿರುವಲ್ಲಿಕ್ಕೇಣಿಯ ಮಾವನ ಮನೆಯಲ್ಲಿದ್ದೆ. ನಮ್ಮ ಕಡೆ ಹಬ್ಬವೆಂದರೆ ಹಿಂದಿನ ಸಂಜೆ ನೀರು ತುಂಬುವುದರಿಂದ ಶುರುವಾಗಿ ಪಾಡ್ಯದವರೆಗೆ ನಿಧಾನವಾಗಿ ನಡೆಯುವಂಥದು. ಇಲ್ಲಿ ಹಾಗಲ್ಲ. ಇಡೀ ಹಬ್ಬ ಒಂದು ಬೆಳಗಿನ ಜಾವಕ್ಕೆ ಮುಗಿಯಬೇಕು. ಬೆಳಕು ಹರಿಯುವ ಮೊದಲೇ ತಲೆಗೆ ಎಣ್ಣೆ, ಬಿಸಿನೀರು, ಹೊಸ ಬಟ್ಟೆ, ನಾಲಗೆ ಸುಡುವ ಲೇಹ್ಯ. ಅಳಿಯ, ಅವರ ಮಾತಿನಲ್ಲಿ ಮಾಪಿಳ್ಳೈ, ಎಂಬ ಮರ್ಯಾದೆಗೆ ನನಗೆ ಮೊದಲು ಎಣ್ಣೆ ಒತ್ತಿದರು. ಕಣ್ಣಿಗೆ ಸೀಗೆಪುಡಿ ಬಿದ್ದು ನಾನು ಉಜ್ಜಿಕೊಳ್ಳುತ್ತಿರುವಾಗ ಹಿತ್ತಲಿನ ಬಾಗಿಲಲ್ಲಿ ಹೊಸ ಸೀರೆಯ ನನ್ನ ಹೆಂಡತಿ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತಿದ್ದಳು. ಆಕಾಶಕ್ಕೆ ಗುರಿ ಇಟ್ಟು ಒಂದು ಹೊಡೆದಳು. ನಾನು ಬಚ್ಚಲಿಗೆ ಓಡಿದೆ.

"ಮಾಪಿಳ್ಳೈ ಮತ್ತೆ ಸ್ನಾನಕ್ಕೆ ಹೋದ್ರು," ಎಂದು ನಮ್ಮ ಅತ್ತೆ ಸಂಭ್ರಮದಿಂದ ಎಲ್ಲರಿಗೂ ಹೇಳಿದರು.

ಆ ಪಿಸ್ತೂಲು ಅವಳಿಗೆ ಏಳೆಂಟು ವರ್ಷವಾಗಿದ್ದಾಗ ಮಾವ ಕೊಡಿಸಿದ್ದು. ಎರಕ ಹೊಯ್ದ ಕಬ್ಬಿಣ. ಹಿಡಿಯ ಎರಡೂ ಬದಿಗೆ ಮುಂಗಾಲೆತ್ತಿದ ಕುದುರೆಯ ಉಬ್ಬುಚಿತ್ರ. ಬೆರಳಾಡಿಸಿದರೆ ಜೂಲು ಕೂಡ ತಿಳಿಯುತ್ತದೆ. ಕೈಯಲ್ಲಿ ಹಿಡಿದರೆ ಒಂದು ಪಡಿ ಅವರೆಕಾಳಿನ ಭಾರ. ಮದುವೆಯಾಗಿ ಬರುವಾಗ ಬೆಳ್ಳಿ ಪಂಚಪಾತ್ರೆಯ ಜೊತೆಗೆ ಅದನ್ನೂ ತಂದಳು. ಪಂಚಪಾತ್ರೆಯನ್ನು ವರ್ಷಕ್ಕೊಮ್ಮೆ ತಿಕ್ಕುತ್ತಿದ್ದಳು; ಪಿಸ್ತೂಲನ್ನು ತಿಂಗಳಿಗೊಮ್ಮೆ. ಮದರಾಸಿನ ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಅಕ್ಕಿಯಲ್ಲಿಟ್ಟರೆ ತೇವವನ್ನೆಲ್ಲ ಅಕ್ಕಿ ಕುಡಿಯುತ್ತದೆ ಎಂಬುದು ಅವಳ ಸಿದ್ಧಾಂತ. ನೈವೇದ್ಯದ ಅಕ್ಕಿಯಲ್ಲಿ ಮದ್ದಿನ ವಾಸನೆ ಬರುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ದೇವರ ಕೈಲೂ ಶಂಖ, ಚಕ್ರ, ಗದೆ ಎಲ್ಲಾ ಇದೆ ರೀ. ಅವನಿಗೇನೂ ಹೊಸದಲ್ಲ," ಎಂದಳು. ನಾನು ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗ್ ಓದಿದವನು. ಇದಕ್ಕೆ ಉತ್ತರ ಆ ಎರಡರಲ್ಲೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಪಿಸ್ತೂಲು ಮನೆಗೆ ಬಂದದ್ದು ಮದರಾಸು ಚೆನ್ನೈ ಆದ ಹೊಸತರಲ್ಲಿ. ಆಗ ನಾವು ಕೋಡಂಬಾಕ್ಕಂನ ಈ ಮಹಡಿಗೆ ಬಂದು ಸ್ವಲ್ಪ ಕಾಲವಾಗಿತ್ತು. ಮಾಲಿನಿಗೆ ಹತ್ತು ವರ್ಷ. ಅಂಗಡಿಯಲ್ಲಿ ಅದೇ ಕುದುರೆ ಮಾರ್ಕು ನೋಡಿ ರುಕ್ಕುವೇ ಸಡಗರದಿಂದ ಕೊಡಿಸಿದಳು. ಮನೆಗೆ ಬಂದು ಬಿಚ್ಚಿ ನೋಡಿದರೆ ಕಪ್ಪು ಪ್ಲಾಸ್ಟಿಕ್ಕು, ಮೂತಿಗೆ ಕೆಂಪು ಬಣ್ಣ. ಉಬ್ಬಿನ ಕುದುರೆಯಿದ್ದ ಕಡೆ ಅಚ್ಚು ಹಾಕಿದ ಕುದುರೆ. ಉಗುರಿನಿಂದ ಕೆರೆದರೆ ಬಾಲ ಉದುರುತ್ತಿತ್ತು. ರೀಲಿನ ಬದಲು ಕೆಂಪು ಪ್ಲಾಸ್ಟಿಕ್ಕಿನ ಉಂಗುರ, ಉಂಗುರದ ಸುತ್ತ ಮದ್ದು. ಒಂದು ಉಂಗುರ ಸಿಕ್ಕಿಸಿದರೆ ಪಟಪಟನೆ ಹಾರಿ ಮುಗಿಯುತ್ತಿತ್ತು, ನಡುವೆ ಒಂದೂ ತಪ್ಪದೆ.

"ಇದೇನೇ ಇದು, ಸೋಪಿನ ಡಬ್ಬಿ ಹಾಗಿದೆ!" ರುಕ್ಕು ಅದನ್ನು ಅಂಗೈಯಲ್ಲಿಟ್ಟು ತೂಗಿದಳು. "ನಿಂದು ಮೊಳೆ ಹೊಡಿಯುತ್ತಾ? ಕೊಬ್ಬರಿ ಒಡಿಯುತ್ತಾ?"

ಇದು ಸುಮ್ಮನೆ ಆಡಿದ ಮಾತಲ್ಲ. ನಮ್ಮ ನಡುಮನೆಯ ಕ್ಯಾಲೆಂಡರಿನ ಮೊಳೆಯನ್ನು ಅವಳು ಹೊಡೆದದ್ದು ಪಿಸ್ತೂಲಿನ ಹಿಡಿಯಿಂದಲೇ. ಬೆಲ್ಲದ ಅಚ್ಚು ಗಟ್ಟಿಯಾದಾಗಲೂ ಅದೇ.

"ಅಮ್ಮಾ, ತುಪ್ಪಾಕ್ಕಿ ಎದುಕ್ಕು ಕೊಬ್ಬರಿ ಒಡಿಯಣುಂ?" ಕೋವಿ ಯಾಕೆ ಕೊಬ್ಬರಿ ಒಡೆಯಬೇಕೆಂದು ಮಾಲಿನಿ ಅರ್ಧ ತಮಿಳಿನಲ್ಲಿ ತಿರುಗಿಸಿ ಕೊಟ್ಟಳು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ. ಉತ್ತರದಲ್ಲಿ ಮಾತ್ರ ಸ್ಕೂಲಿನ ಭಾಷೆ ಬೆರೆಯುತ್ತದೆ. "ನಂದು ಒಂದೂ ಮಿಸ್ ಆಗಲ್ಲ. ನಿಂದು ಮಿಸ್ಸೋ ಮಿಸ್ಸು."

"ಮಿಸ್ಸಾ? ಸದ್ದು ಕೇಳಿದೀಯಾ ಅದರದ್ದು? ಬಾ ಮೇಲೆ, ತೋರಿಸ್ತೀನಿ."

ಹೀಗೆ ಶುರುವಾಯಿತು ನಮ್ಮ ಮನೆಯ ದೀಪಾವಳಿಯ ಪಂದ್ಯ. ಯಾರ ಪಿಸ್ತೂಲಿನ ಸದ್ದು ಜೋರು? ಹಳೆಯದೋ, ಹೊಸತೋ? ಸ್ಥಳ: ಮನೆಯ ತಾರಸಿ. ತೀರ್ಪುಗಾರ: ನಾನು. ಮನೆಯಲ್ಲಿ ಉಳಿದಿದ್ದ ಮೂರನೆಯ ವ್ಯಕ್ತಿ ನಾನೊಬ್ಬನೇ ಆದ್ದರಿಂದ ಅರ್ಹತೆಯನ್ನು ಯಾರೂ ವಿಚಾರಿಸಲಿಲ್ಲ. ದೇವರ ಮನೆಯಿಂದ ಬತ್ತಿಯ ಹತ್ತಿ ತಂದು ಎರಡೂ ಕಿವಿಗೆ ತುರುಕಿಕೊಂಡು, ನೀರಿನ ಟ್ಯಾಂಕಿನ ಹಿಂದೆ ಕಣ್ಣು ಮುಚ್ಚಿ ಕುಕ್ಕರಗಾಲಲ್ಲಿ ಕೂತು ನಾನು ನ್ಯಾಯ ವಿಚಾರಣೆ ನಡೆಸುತ್ತಿದ್ದೆ. ಒಂದು ಕಡೆಯಿಂದ ಪಟ್ ಪಟ್ ಪಟ್ ಎಂದು ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ಇನ್ನೊಂದು ಕಡೆಯಿಂದ ಬಿಟ್ಟು ಬಿಟ್ಟು, ಗಂಭೀರವಾಗಿ, ಢಂ. ಹತ್ತಿಯನ್ನು ದಾಟಿ ಎದೆಗೇ ಬಂದು ತಾಗುವ ಢಂ.

"ಹೇಳಿ, ಯಾವುದು?" ಎಂದು ತಾಯಿ ಮಗಳು ಬಂದು ನಿಲ್ಲುತ್ತಿದ್ದರು. ನಾನು ಹತ್ತಿ ತೆಗೆದು, ಗಂಟಲು ಸರಿಪಡಿಸಿಕೊಂಡು, "ಎರಡೂ ಸಮ," ಎನ್ನುತ್ತಿದ್ದೆ. ಸಂಸಾರಸ್ಥರಾದ ನಿಮಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

"ಜಡ್ಜಾ ಇವರು? ಮ್ಯೂಟ್ ಮಾಡಿದ ಟಿವಿ," ಎಂದು ಮಾಲಿನಿ ಬಯ್ಯುತ್ತಿದ್ದಳು. ರುಕ್ಕು ಮಾತ್ರ ಪಿಸ್ತೂಲಿನ ಮೂತಿಯನ್ನು ಊದುತ್ತಾ, "ಒಂದ್ಸಲ, ಒಂದೇ ಒಂದ್ಸಲ ನೀವೇ ಹೊಡೀರಿ ರೀ. ಹತ್ತಿ ಇಲ್ದೆ. ಆಗ ಗೊತ್ತಾಗುತ್ತೆ," ಎನ್ನುವಳು. "ಬರೋ ವರ್ಷ," ಎಂದು ನಾನು. ಬರುವ ವರ್ಷ ಎನ್ನುವುದು ಎಷ್ಟು ಅಗ್ಗವಾಗಿತ್ತು ಆಗ.

ಕ್ರಮೇಣ ಈ ಸದ್ದಿಗೆ ಇನ್ನೊಂದು ಕೆಲಸ ಬಂತು. ನಮ್ಮ ಮನೆಯೊಡತಿ ಮಾಮಿ ಕೆಳಗಿನ ಮನೆಯಲ್ಲಿದ್ದಾರೆ. ಕಾಂಪೌಂಡಿನ ಹಿಂದುಗಡೆ ಸಾಲಿಗೆ ಒಂದಷ್ಟು ಪುಟ್ಟ ಮನೆಗಳು, ಎಲ್ಲದರಲ್ಲೂ ಮಕ್ಕಳು. ನಿದ್ದೆಗಣ್ಣಲ್ಲೇ ಎದ್ದು ಎಣ್ಣೆಸ್ನಾನ ತಪ್ಪಿಸಿ ಪಟಾಕಿಗೆ ಓಡುವುದು ಆ ಮಕ್ಕಳ ಅಭ್ಯಾಸ. ಮಾಮಿ ಒಂದು ಕಾನೂನು ಮಾಡಿದರು: ಮಹಡಿಯ ಮೇಲೆ ರುಕ್ಕುವಿನ ತುಪಾಕಿ ಹಾರುವ ತನಕ ಒಬ್ಬರೂ ಕಡ್ಡಿ ಗೀರಕೂಡದು. ಅಷ್ಟರೊಳಗೆ ಎಲ್ಲರ ಸ್ನಾನವೂ ಆಗಿರಬೇಕು. ಹಾಗಾಗಿ ಪ್ರತಿ ದೀಪಾವಳಿಯ ನಸುಕಿನಲ್ಲಿ ಕೆಳಗೆ ಸಾಲಾಗಿ, ಒದ್ದೆ ತಲೆಯ, ಹೊಸ ಬಟ್ಟೆಯ ಮಕ್ಕಳು ಮಹಡಿಯ ಕಡೆ ಕಿವಿಯಿಟ್ಟು ನಿಂತಿರುತ್ತಿದ್ದರು. ಢಂ ಎಂದ ಕೂಡಲೇ ಮಾಮಿ, "ಕೇಟ್ಟಾಚ್ಚು! ವೆಡಿಂಗೋ!" ಎಂದು ಕೂಗಿ ಅಪ್ಪಣೆ ಕೊಡುವರು. ಕೇಳಿತು, ಇನ್ನು ಹೊಡೆಯಿರಿ. ಆಮೇಲೆ ಕೋಡಂಬಾಕ್ಕಂ ಎಂಬುದು ಇರುವುದಿಲ್ಲ, ಬರೀ ಹೊಗೆ.

ಒಂದು ವರ್ಷ ಮಾತ್ರ ನನ್ನಕ್ಕನ ಒತ್ತಾಯಕ್ಕೆ ಹಬ್ಬಕ್ಕೆಂದು ಮೈಸೂರಿಗೆ ಹೊರಟೆವು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಆಗ ತಾನೇ ಲೋಹ ಪತ್ತೆಯ ಚೌಕಟ್ಟು ನಿಲ್ಲಿಸಿದ್ದರು. ರುಕ್ಕು ಅದರೊಳಗೆ ಹೋದದ್ದೇ ತಡ, ಅದು ಕಿರಿಚಿಕೊಂಡಿತು. ಮಹಿಳಾ ಕಾನ್‌ಸ್ಟೇಬಲ್ ಕೈಚೀಲ ತೆರೆಸಿದಳು. ಕೋಡುಬಳೆಯ ಪೊಟ್ಟಣದ ಕೆಳಗಿಂದ ಪಿಸ್ತೂಲು ಹೊರಬಂತು. ಹಿಂದೆ ಸಾಲಿನಲ್ಲಿದ್ದವರು ಎರಡು ಹೆಜ್ಜೆ ಸರಿದರು. ನಾನು ಅವರಿಗಿಂತ ಇನ್ನೂ ಹಿಂದಕ್ಕೆ.

"ಎನ್ನಮ್ಮಾ ಇದು?"

"ತುಪ್ಪಾಕ್ಕಿ," ಎಂದಳು ನನ್ನ ಹೆಂಡತಿ, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಮಾಲಿನಿ ತಲೆ ಮೇಲೆ ಕೈ ಹೊತ್ತು ಸೂಟ್‌ಕೇಸಿನ ಮೇಲೆ ಕೂತಳು.

ಕಾನ್‌ಸ್ಟೇಬಲ್ ಅದನ್ನು ಎತ್ತಿ, ತಿರುಗಿಸಿ, ಹಿಡಿಯ ಮೇಲಿನ ಕುದುರೆಯನ್ನು ಹೆಬ್ಬೆರಳಿನಿಂದ ಸವರಿದಳು. ಮುಖ ಮೆಲ್ಲಗೆ ಸಡಿಲವಾಯಿತು. ಎಳೆದು ನೋಡಿದಳು: ಟಿಕ್. ತನ್ನಣ್ಣನ ಹತ್ತಿರವೂ ಇಂಥದೇ ಇತ್ತೆಂದೂ, ತನಗೆ ಯಾವತ್ತೂ ಮುಟ್ಟಲು ಕೊಡಲಿಲ್ಲವೆಂದೂ, ಹೋದ ವರ್ಷ ತನ್ನ ಮಗಳಿಗೆ ಕೊಡಿಸಿದ ಪ್ಲಾಸ್ಟಿಕ್ಕಿನದು ಅಮಾವಾಸ್ಯೆಗೆ ತಂದರೆ ಪಾಡ್ಯಕ್ಕೆ ಮುರಿಯಿತೆಂದೂ ತಮಿಳಿನಲ್ಲಿ ಹೇಳಿದಳು. ಇನ್ನೊಂದು ಸಲ ಟಿಕ್ ಎನಿಸಿ, ರವಿಕೆ ತುಂಡಿನಲ್ಲಿ ತಾನೇ ಸುತ್ತಿ ಒಳಗಿಟ್ಟಳು. "ನೋಡಿದ್ಯಾ? ಪೊಲೀಸೇ ಹೇಳಿತು," ಎಂದು ರುಕ್ಕು ಮಗಳ ಕಡೆ ನೋಡಿದ ನೋಟ ಬೆಂಗಳೂರು ದಾಟುವ ತನಕ ಇತ್ತು.

ಮೈಸೂರಿನಲ್ಲಿ ಅಕ್ಕ ಹಂಡೆಗೆ ನೀರು ತುಂಬಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತುತ್ತಿದ್ದಳು. ಪಕ್ಕದಲ್ಲೇ ನನ್ನ ಹೆಂಡತಿ ಮೊರದಲ್ಲಿ ಪಟಾಕಿ ರೀಲು ಒಣಹಾಕಿಕೊಂಡು ಕೂತಿದ್ದಳು. "ಏನಮ್ಮಾ ರುಕ್ಕು, ನಾವು ಹಬ್ಬಕ್ಕೆ ನೀರು ತುಂಬ್ತೀವಿ, ನೀನು ಮದ್ದು ತುಂಬ್ತೀಯಲ್ಲ! ನನ್ನ ತಮ್ಮ ಏನಾದ್ರೂ ಮಾತು ಮೀರ್ತಾನೇನು?" ಎಂದು ಅಕ್ಕ ಗೇಲಿ ಮಾಡಿದಳು.

ಮರುದಿನ ನಸುಕಿನಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಮಾಮಿ. ಮಕ್ಕಳು ಸ್ನಾನ ಮಾಡಿ ನಿಂತಿದ್ದಾರೆ, ಏನು ಮಾಡುವುದು? ಕಾನೂನು ಕಾನೂನೇ. ರುಕ್ಕು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪಿಸ್ತೂಲು ಹಿಡಿದು ಅಂಗಳಕ್ಕೆ ಹೋದಳು. ನಾನು ಬಚ್ಚಲಲ್ಲಿ ಕಿವಿಗೆ ಬೆರಳಿಟ್ಟು ನಿಂತೆ. ಆದರೂ ಕೇಳಿಸಿತು. ಮೈಸೂರಿನಲ್ಲಿ ಢಂ ಎಂದದ್ದಕ್ಕೆ ಕೋಡಂಬಾಕ್ಕಂನಲ್ಲಿ ಸರ ಪಟಾಕಿ ಹತ್ತಿತು. ಅಕ್ಕ ಹಂಡೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮಾಲಿನಿಯೂ ನಕ್ಕಳು. ಇಷ್ಟೊಂದು ನಗುವಂಥದು ಏನಿದೆ ಎಂದು ನನಗೆ ಹೊಳೆಯಲಿಲ್ಲ.

ಹೋದ ವರ್ಷ ಕೀಲ್ಪಾಕಿನ ಕಡೆಯ ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ಮಾತ್ರ ಬರೆಯುತ್ತೇನೆ. ಆಗಲೇ ತುಂಬ ಸೊರಗಿದ್ದಳು. ಇಂಜೆಕ್ಷನ್ ಟ್ರೇ ಹಿಡಿದು ಬರುವ ನರ್ಸಿಗೆ ದಿನಾ ಬೆರಳಿನ ಪಿಸ್ತೂಲು ತೋರಿಸಿ ಹೆದರಿಸುವುದು ಅವಳ ಆಟವಾಗಿತ್ತು. ಒಂದು ದಿನ ಬೆರಳು ಚಾಚಿ, ಎಲ್ಲಿತ್ತೋ ಅಷ್ಟು ಶಕ್ತಿ, "ಢಂ!" ಎಂದಳು. ನರ್ಸು ಬೆಚ್ಚಿ ಟ್ರೇ ಅಲ್ಲಾಡಿತು. ಪಕ್ಕದ ಮಂಚದವರು ಎದ್ದು ಕೂತರು.

"ಅಬ್ಬಾ! ಥೇಟ್ ನಿನ್ನ ಪಿಸ್ತೂಲಿನ ಹಾಗೇ ಇದೆ ಕಣೇ!" ಎಂದೆ ನಾನು, ನಿಜವಾಗಿಯೂ ಮೆಚ್ಚಿ.

ರುಕ್ಕು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. ಮಾಲಿನಿ ದುಪಟ್ಟದಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ತಿಳಿದು ನಾನು ಬೆನ್ನು ಸವರಿದೆ. ಕೆಮ್ಮು ನಿಂತ ಮೇಲೆ ರುಕ್ಕು ನನ್ನ ಕೈ ಹಿಡಿದು ಕೇಳಿದಳು:

"ನಿಜ ಹೇಳಿ. ಯಾವುದು ಜೋರು?"

"ನಿಂದೇ."

"ಹತ್ತಿ ಇಟ್ಕೊಂಡು ಕೇಳಿದ್ದು ಸಾಕ್ಷಿ ಆಗಲ್ಲ. ಒಂದ್ಸಲ ನೀವೇ ಹೊಡೆದು, ಆಮೇಲೆ ತೀರ್ಪು ಹೇಳಿ. ಪ್ರಾಮಿಸ್?"

"ಪ್ರಾಮಿಸ್," ಎಂದೆ. ಬರುವ ವರ್ಷ ಎನ್ನಲು ಬಾಯಿ ಬರಲಿಲ್ಲ.

ಕಳೆದ ದೀಪಾವಳಿಗೆ ಮಹಡಿಯಿಂದ ಸದ್ದು ಬರಲಿಲ್ಲ. ನಾನು ಎದ್ದು ಕತ್ತಲಲ್ಲೇ ಕೂತಿದ್ದೆ. ಕೆಳಗೆ ಮಕ್ಕಳು ಅಭ್ಯಾಸಬಲದಿಂದ ಬಂದು ನಿಂತಿದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಮಾಮಿ ಬಂದು ತಗ್ಗಿದ ದನಿಯಲ್ಲಿ ಅವರಿಗೇನೋ ಹೇಳಿ, ಎಲ್ಲರನ್ನೂ ಪಕ್ಕದ ಬೀದಿಗೆ ಕಳಿಸಿದರು. ಆ ಹಬ್ಬ ನನಗೆ ದೂರದ ಸದ್ದಾಗಿ ಮಾತ್ರ ಕೇಳಿಸಿತು. ಹತ್ತಿ ಬೇಕಾಗಲಿಲ್ಲ.

ಹಾಗಾಗಿ ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ. ರೀಲು ತರಲು ಬ್ರಾಡ್‌ವೇ ಕಡೆಯ ಪಟಾಕಿ ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ಈಗಿನ ಹೊಸ ಮಾಡೆಲ್ ತೋರಿಸಿದ. ಕುದುರೆ ಮಾರ್ಕಿನ ಮೂರನೆಯ ತಲೆಮಾರು ಎನ್ನಬಹುದು. ಮದ್ದಿಲ್ಲ, ಹೊಗೆಯಿಲ್ಲ, ಬ್ಯಾಟರಿ. ಒತ್ತಿದರೆ ಕೆಂಪು ಹಸಿರು ದೀಪ ತಿರುಗಿ, ಒಳಗಿನಿಂದ ಯಾರೋ ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ. ಕುದುರೆ ಪಿಸ್ತೂಲಿನಿಂದ ಇಳಿದು ಡಬ್ಬದ ಮೇಲಿನ ಚೀಟಿಗೆ ಹೋಗಿತ್ತು. ನಿಜ ಹೇಳಬೇಕೆಂದರೆ ನನ್ನಂಥವನಿಗೆ ಹೇಳಿ ಮಾಡಿಸಿದ ಮಾಡೆಲ್ ಅದು. ಸದ್ದು ಕಡಿಮೆ ಮಾಡುವ ಗುಂಡಿಯೂ ಇತ್ತು. ಮನಸ್ಸು ಗಟ್ಟಿಮಾಡಿ, ಬೇಡ, ರೀಲು ಕೊಡಿ ಎಂದೆ.

"ಪೇರನುಕ್ಕಾ ಸಾರ್?" ಮೊಮ್ಮಗನಿಗಾ ಎಂದು ಕೇಳಿದ.

"ಇಲ್ಲೆ, ಎನಕ್ಕು." ನನಗೇ ಎಂದೆ.

ಅವನು ಮೂಲೆಯಿಂದ ಒಂದು ಪೊಟ್ಟಣ ಹುಡುಕಿ, ಧೂಳು ಊದಿ ಕೊಟ್ಟ. ಮೂರು ದಿನ ಮಳೆ ಹಿಡಿದಿತ್ತು. ಚೆನ್ನೈಯಲ್ಲಿ ದೀಪಾವಳಿಗೆ ಮಳೆ ತಪ್ಪಿದ್ದು ನಾನು ಕಂಡಿಲ್ಲ. ರುಕ್ಕು ಮಾಡುತ್ತಿದ್ದಂತೆ ರೀಲುಗಳನ್ನು ಟಿವಿಯ ಬೆಚ್ಚನೆಯ ತಲೆಯ ಮೇಲೆ ಹರಡಿ ಒಣಗಿಸಿದೆ.

ಹಬ್ಬದ ನಸುಕು. ಮಾಲಿನಿ ನನ್ನ ತಲೆಗೆ ಎಣ್ಣೆ ಒತ್ತಿದಳು, ಥೇಟ್ ಅವಳಮ್ಮನ ಹಾಗೆ, ಬಳೆ ತಲೆಗೆ ತಾಗಿಸುತ್ತಾ. ಹೊಸ ಪಂಚೆ ಉಟ್ಟು ಪಿಸ್ತೂಲು ಹಿಡಿದು ತಾರಸಿಗೆ ಹೋದೆ. ಮಳೆ ನಿಂತಿತ್ತು. ಕೆಳಗೆ ಇಣುಕಿದರೆ ಒದ್ದೆ ತಲೆಗಳ ಸಾಲು. ಮಾಮಿ ಅವರಿಗೆ ಏನು ಹೇಳಿದ್ದರೋ, ಎಲ್ಲರೂ ಮಹಡಿಯ ಕಡೆ ಕತ್ತು ಎತ್ತಿದ್ದರು. ಮಾಮಿ ತಲೆಯೆತ್ತಿ, "ಗಂಗಾಸ್ನಾನಂ ಆಚ್ಚಾ?" ಎಂದು ಎಣ್ಣೆಸ್ನಾನದ ವಿಷಯ ವಿಚಾರಿಸಿದರು. "ಆಚ್ಚು ಮಾಮಿ," ಎಂದೆ.

ಮಾಲಿನಿ ಕೂಡ ತನ್ನ ಹಳೆಯ ಪ್ಲಾಸ್ಟಿಕ್ ಪಿಸ್ತೂಲು ತಂದಿದ್ದಳು. ಆದರೆ ಮೊದಲ ಸದ್ದು ಹಳೆಯ ಪಿಸ್ತೂಲಿನದಲ್ಲವೇ? ಅವಳು ಕಾದಳು. ನಾನು ಟ್ಯಾಂಕಿನ ಹಿಂದೆ ಅಲ್ಲ, ಮುಂದೆ ನಿಂತೆ. ಕಿವಿಯಲ್ಲಿ ಹತ್ತಿಯಿಲ್ಲ. ಕೈ ನೀಳ ಮಾಡಿ, ಕಣ್ಣು ಅರ್ಧ ಮುಚ್ಚಿ, ತಾತನ ಅಂಗವಸ್ತ್ರವನ್ನು ನೆನೆದು ಎಳೆದೆ.

ಟಿಕ್.

ಇನ್ನೊಂದು ಸಲ. ಟಿಕ್. ರೀಲು ಮುಂದಕ್ಕೆ ಸರಿಯಿತು, ಸುತ್ತಿಗೆ ಬಡಿಯಿತು, ಮದ್ದು ಮಿಸುಕಲಿಲ್ಲ. ಮತ್ತೆ ಟಿಕ್. ಭಯವೆಲ್ಲ ಹೋಗಿ ಬೇರೊಂದು ಸಂಕಟ ಬಂತು. ಮೂವತ್ತು ವರ್ಷಕ್ಕೂ ಮೇಲೆ ಅವಳು ಎಣ್ಣೆ ಸವರಿ ಕಾಪಾಡಿದ್ದನ್ನು ನಾನು ಒಂದೇ ವರ್ಷದಲ್ಲಿ, ಡಬ್ಬದ ಮುಚ್ಚಳ ಕೂಡ ತೆಗೆಯದೆ, ಹಾಳು ಮಾಡಿಬಿಟ್ಟೆನೆನ್ನಿಸಿತು. ಕೆಳಗೆ ಮಕ್ಕಳು ಕಾಯುತ್ತಿದ್ದರು.

"ಕೆಟ್ಟು ಹೋಗಿದೆ ಕಣಮ್ಮಾ," ಎಂದೆ.

ಮಾಲಿನಿ ತುಟಿ ಕಚ್ಚಿಕೊಂಡಿದ್ದಳು. "ಕೆಟ್ಟಿಲ್ಲ ಅಪ್ಪಾ. ಅದು ಎಪ್ಪವುಮೇ ಅಪ್ಪಡಿದಾನ್. ಯಾವಾಗಲೂ ಹೀಗೇ. ಮಳೇಲಿ ಹಾರೋದೇ ಇಲ್ಲ."

"ಹಾರೋದೇ ಇಲ್ಲ ಅಂದ್ರೆ? ಪ್ರತಿ ವರ್ಷ ನಾನೇ ಕೇಳಿದೀನಲ್ಲೇ. ಢಂ ಅಂತ."

"ಅದು ಅಮ್ಮಾ."

"ಏನು ಅಮ್ಮಾ?"

"ಢಂ. ಅದು ಅಮ್ಮಾದಾನ್, ಅಮ್ಮನೇ. ಬಾಯಲ್ಲಿ." ಮಾಲಿನಿಗೆ ಇನ್ನು ತಡೆಯಲಾಗಲಿಲ್ಲ. "ಟಿಕ್ ಅಂದ್ರೆ ಕೂಡ್ಲೇ ಢಂ ಅಂತ ಕೂಗ್ತಿದ್ಳು. ನಿಮ್ಮ ಕಿವೀಲಿ ಹತ್ತಿ, ಕಣ್ಣು ಮುಚ್ಚಿರ್ತೀರಿ. ನಿಮಗೆ ಹೇಳಬಾರ್ದು ಅಂತ ನಂಗೆ ದೇವರ ಮೇಲೆ ಸತ್ಯ ಮಾಡಿಸಿದ್ಳು. ನಂದೇ ಜೋರು ಅಂತ ನಾನು ಜಗಳ ಆಡ್ತಿದ್ದಿದ್ದು ಯಾಕೆ ಅಂದ್ಕೊಂಡ್ರಿ?"

"ಮಾಮಿಗೆ?"

"ಎಲ್ಲಾರ್ಕುಂ ತೆರಿಯುಂ. ಎಲ್ಲರಿಗೂ ಗೊತ್ತು."

"ಮೈಸೂರಲ್ಲಿ? ಫೋನಿನಲ್ಲಿ?"

"ಫೋನ್‌ಲ ಫುಲ್ಲಾ ಅಮ್ಮಾದಾನ್!"

ನಾನು ತಾರಸಿಯ ಗೋಡೆಗೆ ಒರಗಿದೆ. ಹಂಡೆಯ ಮುಂದೆ ಕಣ್ಣೊರೆಸಿಕೊಂಡು ನಕ್ಕ ಅಕ್ಕ ನೆನಪಾದಳು. ದುಪಟ್ಟದಲ್ಲಿ ಮುಖ ಮುಚ್ಚಿಕೊಂಡ ಮಾಲಿನಿ ನೆನಪಾದಳು. ನಾನು ಸವರಿದ್ದು ನಗುತ್ತಿದ್ದ ಬೆನ್ನನ್ನು. ಥೇಟ್ ನಿನ್ನ ಪಿಸ್ತೂಲಿನ ಹಾಗೇ ಇದೆ ಎಂದು ನಾನು ಮೆಚ್ಚಿದಾಗ ರುಕ್ಕುವಿಗೆ ಎಂಥ ಹಬ್ಬವಾಗಿರಬೇಡ! ಗುಟ್ಟು ನಾನೇ ಒಂದು ದಿನ ಕಂಡುಹಿಡಿಯಲೆಂದು, ಒಂದ್ಸಲ ನೀವೇ ಹೊಡೀರಿ, ಹೊಡೀರಿ ಎಂದು ವರ್ಷ ವರ್ಷ ಕಾದಿದ್ದಾಳೆ. ಹತ್ತಿ ದಾಟಿ ಎದೆಗೆ ತಾಗುತ್ತಿದ್ದದ್ದು ಕಬ್ಬಿಣವಲ್ಲ.

ಕೆಳಗಿನಿಂದ ಮಾಮಿಯ ದನಿ ಬಂತು, ಅನುಮಾನದ ದನಿ: "ಇನ್ನುಂ ಇಲ್ಲಯಾ?" ಇನ್ನೂ ಇಲ್ಲವೇ?

ಮಾಲಿನಿ ನನ್ನ ಮುಖ ನೋಡಿದಳು. ನಾನು ಬಾಳಿನಲ್ಲಿ ಎಂದೂ ದನಿ ಎತ್ತಿದವನಲ್ಲ. ಬಸ್ಸು ನಿಲ್ಲಿಸಲು ಕೂಡ ಕೈ ಮಾತ್ರ ಎತ್ತುವವನು. ಪಿಸ್ತೂಲನ್ನು ಆಕಾಶಕ್ಕೆ ಎತ್ತಿ ಹಿಡಿದೆ. ಎಳೆದೆ. ಟಿಕ್ ಎಂದಿತು.

"ಢಂ!" ಎಂದೆ.

ನಡುವೆ ದನಿ ಸ್ವಲ್ಪ ಸೀಳಿತು. ಆದರೂ ಕೆಳಗಿನ ಬೀದಿಯ ನಾಯಿ ಎದ್ದು ಬೊಗಳಿತು. ಆಮೇಲೆ ಮಾಮಿ, ಅಳುತ್ತಿದ್ದರೋ ನಗುತ್ತಿದ್ದರೋ ಮಹಡಿಯಿಂದ ತಿಳಿಯುವಂತಿರಲಿಲ್ಲ, ಕೂಗಿದರು:

"ಕೇಟ್ಟಾಚ್ಚು! ವೆಡಿಂಗೋ!"

ಸರ ಪಟಾಕಿ ಹತ್ತಿತು, ಲಕ್ಷ್ಮಿ ಪಟಾಕಿ ಹಾರಿತು, ಗೋಡೆ ನಡುಗಿತು. ಮಾಲಿನಿ ತನ್ನ ಪ್ಲಾಸ್ಟಿಕ್ಕಿನದನ್ನು ಪಟಪಟನೆ ಹಾರಿಸಿ, ಆ ಗದ್ದಲದಲ್ಲಿ ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು: "ತೀರ್ಪು ಹೇಳಿ ಜಡ್ಜ್ ಸಾರ್! ಯಾವುದು ಜೋರು?"

"ಹಳೇದು," ಎಂದೆ. ಅವಳು ತಕರಾರು ಮಾಡಲಿಲ್ಲ.

ಆಮೇಲೆ ಕೆಳಗೆ ಹೋಗಿ ಪಿಸ್ತೂಲಿಗೆ ಎಣ್ಣೆ ಸವರಿ, ರವಿಕೆಯ ತುಂಡಿನಲ್ಲಿ ಸುತ್ತಿ, ಹಬ್ಬದ ಅಕ್ಕಿಯೊಳಗೆ ಹುಗಿದಿಟ್ಟೆ. ಆ ಅಕ್ಕಿಯಲ್ಲೇ ಮಾಡಿದ ಪಾಯಸ ತಳ ಹಿಡಿಯಿತು. ಮಾಮಿಗೂ ಒಂದು ಲೋಟ ಕಳಿಸಿದೆವು.